ಹಣವೆಂಬ ನಾಣ್ಯ

ಶನಿವಾರಸಂತೆಯ ಸಂತೆಗೆ ಹೊರಟವನೊಬ್ಬನನ್ನು 'ಕೈಯಲ್ಲಿ ಹಣವಿದೆಯೆ?' ಎಂದು ಕೇಳಿದರೆ, ಅವನು ಜೇಬನ್ನು ತಟ್ಟಿ 'ಇದೆ' ಎಂದಾನು. ಜೇಬಿನಲ್ಲಿರುವುದು ರೂಪಾಯಿ. ಹಣವೆಂಬ ನಾಣ್ಯವನ್ನು ಅವನ ಅಜ್ಜನೂ ಸಂತೆಯಲ್ಲಿ ಚೆಲ್ಲಿರಲಾರನು. ನಾಣ್ಯ ಹೋಯಿತು, ಹೆಸರು ಉಳಿಯಿತು. ಉಳಿದುದಲ್ಲದೆ ಸಕಲ ಧನಕ್ಕೂ ಹೆಸರಾಯಿತು.

ಪಾಲು ಹಾಲಾದಂತೆ ಪಣವು ಹಣವಾಯಿತು. ಕೊಡವರ ನುಡಿಯಲ್ಲಿ ಆ ಪಕಾರವು ಇಂದಿಗೂ ಉಳಿದಿದೆ. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಟಂಕಸಾಲೆಯನ್ನು ಸ್ಥಾಪಿಸಿ ಅಚ್ಚುಹಾಕಿಸಿದ್ದು ಈ ಹಣವನ್ನೇ. ಅದು ತೊಗರಿಬೇಳೆಯಷ್ಟು ಅಗಲದ, ಅರ್ಧ ಗ್ರಾಮಿಗೂ ಕಡಮೆ ತೂಕದ ಚಿನ್ನದ ನಾಣ್ಯ; ಅದರ ಮೇಲೆ ನರಸಿಂಹನ ಮೂರ್ತಿ. ಬೆರಳಿನ ಸಂದಿಯಿಂದ ಜಾರಿದರೆ ಹುಡುಕುವುದು ಕಷ್ಟವೇ ಸರಿ! ಅಂತಹ ಹತ್ತು ಹಣಗಳಿಗೆ ಒಂದು ಕಂಠೀರಾಯ ವರಹ. ಆದರೆ ವಿನೋದವೇನೆಂದರೆ, ಆ ವರಹವನ್ನು ಯಾರೂ ಕಣ್ಣಿನಿಂದ ಕಂಡಿರಲಿಲ್ಲ. ಅದು ಶ್ಯಾನುಭೋಗರ ಲೆಕ್ಕದಲ್ಲಿ ಮಾತ್ರ ವಾಸವಾಗಿದ್ದ ನಾಣ್ಯ.

ವರಹವೆಂಬ ಹೆಸರು ಚಾಲುಕ್ಯರಿಗೂ ವಿಜಯನಗರದವರಿಗೂ ಲಾಂಛನವಾಗಿದ್ದ ವರಾಹಮೂರ್ತಿಯಿಂದ ಬಂದುದು. ಇಕ್ಕೇರಿಯ ವರಹದ ಮೇಲಾದರೋ ಇರುವುದು ಶಿವಪಾರ್ವತಿಯರು. ಹೈದರಾಲಿಯೂ ಆ ಮೂರ್ತಿಗಳನ್ನೇ ಉಳಿಸಿಕೊಂಡನು. ಹಂದಿಯ ಗುರುತಿಲ್ಲದಿದ್ದರೂ ಜನ ಅದನ್ನು ವರಹವೆಂದೇ ಕರೆದರು. 1799ರ ಒಪ್ಪಂದದಂತೆ ಮೈಸೂರು ಕಂಪೆನಿಗೆ ಕೊಡಬೇಕಾದ ವಾರ್ಷಿಕ ಪೊಗದಿಯು ಏಳು ಲಕ್ಷ ನಕ್ಷತ್ರ ವರಹಗಳೆಂದು ಬರೆಯಲ್ಪಟ್ಟಿತು. ನೂರು ವರಹಕ್ಕೆ ಮುನ್ನೂರೈವತ್ತು ರೂಪಾಯಿಯ ಲೆಕ್ಕದಲ್ಲಿ ಅದು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ.

ಹಳೆಯ ಕಾಗದಗಳನ್ನು ಓದುವವರು ಇದನ್ನು ಮರೆಯಬಾರದು. 'ಎರಡು ಹಣ' ಎಂಬಲ್ಲಿ ಹಣವೆಂದರೆ ಬರಿಯ ಧನವೆಂದು ತಿಳಿದು, ಮೊತ್ತವೆಲ್ಲಿ ಎಂದು ವಿದ್ಯಾರ್ಥಿದೆಸೆಯಲ್ಲಿ ನಾನೇ ತಡಕಾಡಿದ್ದುಂಟು.

ಹೆಸರು ಹೀಗೆ ಹಿಗ್ಗಿದ್ದರಿಂದ ಒಕ್ಕಲಿಗನ ಮನೆಯಲ್ಲಿ ಹಣವು ಹೆಚ್ಚಲಿಲ್ಲ. 1834ರಲ್ಲಿ ಕೊಡಗಿನ ಅರಸೊತ್ತಿಗೆ ಕೊನೆಗೊಂಡಿತು. ಅದುವರೆಗೆ ಕೊಡಗಿಗೆ ಸೇರಿದ್ದ ಅಮರಸುಳ್ಯ ಪುತ್ತೂರುಗಳ ಕಡೆಯ ಸೀಮೆಯನ್ನು ಕಂಪೆನಿಯವರು ಕನ್ನಡ ಜಿಲ್ಲೆಗೆ ಕೂಡಿಸಿದರು. ಅರಸರ ಕಾಲದಲ್ಲಿ ಅಲ್ಲಿಯ ರೈತನು ಕಂದಾಯವನ್ನು ಬೆಳೆಯ ರೂಪದಲ್ಲಿ ಅಳೆಯುತ್ತಿದ್ದನು. ಹೊಸ ಸರ್ಕಾರವು ನಗದನ್ನು ಕೇಳಿತು. ಅದೂ ರೂಪಾಯಿಯಲ್ಲಿ, ಏಕೆಂದರೆ ಮದರಾಸು ಆಧಿಪತ್ಯದಲ್ಲಿ 1818ರಲ್ಲಿಯೇ ವರಹದ ಸ್ಥಾನಕ್ಕೆ ರೂಪಾಯಿ ಬಂದಿತ್ತು. ಪಣತದಲ್ಲಿ ಬತ್ತವಿದೆ, ಕೈಯಲ್ಲಿ ಕಾಸಿಲ್ಲ. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಗೇ ಮಾರಲು ಹೊರಟರೆ ಬತ್ತದ ಬೆಲೆ ಏನಾದೀತು? ಕಂದಾಯದ ಅಂಕಿ ಬದಲಾಗದಿದ್ದರೂ ಅದನ್ನು ತೀರಿಸಲು ಕೊಡಬೇಕಾದ ಬತ್ತ ಹೆಚ್ಚುವುದು. ಈ ಸಂಕಟವನ್ನು ಬಲ್ಲವರಿಗೆ 1837ರ ದಂಗೆ ಆಶ್ಚರ್ಯವೆನಿಸದು.

ಆ ದಂಗೆಯವರು ಕಲ್ಯಾಣಸ್ವಾಮಿಯೆಂಬ ರಾಜಕುಮಾರನ ಹೆಸರಿನಲ್ಲಿ ಮುಂದೆ ನಿಲ್ಲಿಸಿದ ಪುಟ್ಟಬಸಪ್ಪನು ಶನಿವಾರಸಂತೆಯ ಕಡೆಯ ರೈತನೆಂಬುದು ನಾಡಿನ ಹೇಳಿಕೆ. ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರು ಅವನೊಡನೆ ಸುಳ್ಯದಿಂದ ಹೊರಟು, ಏಪ್ರಿಲ್ ತಿಂಗಳ ಮೊದಲಲ್ಲಿ ಮಂಗಳೂರನ್ನು ಹೊಕ್ಕು ಕೆಲವು ದಿನ ಕೈವಶಮಾಡಿಕೊಂಡಿದ್ದರು. ಬಳಿಕ ಕಂಪೆನಿಯ ಸೈನ್ಯ ಬಂದಿತು. ಪುಟ್ಟಬಸಪ್ಪನನ್ನು ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಕಂದಾಯವನ್ನು ಮುಂದೆಯೂ ರೂಪಾಯಿಯಲ್ಲಿಯೇ ಎಣಿಸಿಕೊಂಡರು.