ಸುಧಾರಿಸು: ನಾಮಪದ ಸರ್ಕಾರಕ್ಕೆ, ಕ್ರಿಯಾಪದ ಮನೆಗೆ

ಸುಧಾರಿಸು ಎಂಬ ಪದ ಎರಡು ಕಡೆ ದುಡಿಯುತ್ತದೆ. ಒಂದು ವಿಧಾನಸೌಧ. ಅಲ್ಲಿ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯಿದೆ, ಭೂಸುಧಾರಣೆ ಕಾಯ್ದೆಯಿದೆ. ಜೈಲುಗಳನ್ನು ನೋಡಿಕೊಳ್ಳುವ ಇಲಾಖೆಯ ಹೆಸರಿನಲ್ಲೂ ಈಗ ‘ಸುಧಾರಣಾ ಸೇವೆ’ ಸೇರಿಕೊಂಡಿದೆ. ಇನ್ನೊಂದು ಅಡುಗೆಮನೆ. ಎಲೆ ಹಾಕುವ ಹೊತ್ತಿಗೆ ಹೇಳದೆ ಕೇಳದೆ ನಾಲ್ಕು ಜನ ನೆಂಟರು ಬಂದಿಳಿದರೆ ಮನೆಯಾಕೆ ಸಾರಿಗೆ ಒಂದು ಚೆಂಬು ನೀರು ಹೊಯ್ಯುತ್ತಾಳೆ, ಹುಳಿ ಉಪ್ಪು ಸರಿಮಾಡುತ್ತಾಳೆ, ಮೇಲಿಂದ ಇನ್ನೊಂದು ಇಂಗಿನ ಒಗ್ಗರಣೆ ಕೊಡುತ್ತಾಳೆ. ಅನ್ನ ಬೇಯುವವರೆಗೆ ಮಾತಿಗೆ ಜೊತೆಯಾಗಲೆಂದು ಅವಲಕ್ಕಿ ಕಲಸಿ ಕೊಡುತ್ತಾಳೆ. ಸಂಜೆ ಪಕ್ಕದ ಮನೆಯವರು ಕೇಳಿದರೆ ಉತ್ತರ ಒಂದೇ ಮಾತು: ‘ಹೆಂಗೋ ಸುದಾರಿಸ್ದೆ.’

ನಾಲಿಗೆಯ ಮೇಲೆ ಮಹಾಪ್ರಾಣ ನಿಲ್ಲುವುದಿಲ್ಲ, ‘ಧಾ’ ‘ದಾ’ ಆಗುತ್ತದೆ. ಅರ್ಥವೂ ಅಷ್ಟೇ ಸಲೀಸಾಗಿ ಜಾರಿದೆ. ಕಾಗದದ ಮೇಲಿನ ಸುಧಾರಣೆಗೆ ಯೋಜನೆ ಬೇಕು, ಸಮಿತಿ ಬೇಕು, ಅನುದಾನ ಬೇಕು. ಬಾಯಿಮಾತಿನ ಸುಧಾರಿಸುವುದಕ್ಕೆ ಅವು ಯಾವುವೂ ಇರಬಾರದು. ಮುಂಚೆಯೇ ತಯಾರಿ ಮಾಡಿಕೊಂಡು ಹತ್ತು ಜನಕ್ಕೆ ಊಟ ಹಾಕಿದವರ ಬಗ್ಗೆ ‘ಸುಧಾರಿಸಿದರು’ ಎಂದು ಯಾರೂ ಹೇಳುವುದಿಲ್ಲ.

ಈ ಪದವನ್ನು ಸು ಮತ್ತು ಧಾರಣೆ ಎಂದು ಬಿಡಿಸಿ, ಒಳ್ಳೆಯದನ್ನು ಧರಿಸುವುದು ಎಂದು ಅರ್ಥ ಹೇಳುವವರುಂಟು. ಕೇಳಲು ಚೆನ್ನಾಗಿದೆ, ಆದರೆ ಪದ ಬಂದ ದಾರಿ ಅದಲ್ಲ. ಹಿಂದಿಯಲ್ಲಿ ಸುಧಾರ್‌ನಾ, ಮರಾಠಿಯಲ್ಲಿ ಸುಧಾರಣೆಂ, ಗುಜರಾತಿಯಲ್ಲಿ ಸುಧಾರ್‌ವುಂ ಇವೆ. ಇವೆಲ್ಲದರ ಬೇರು ‘ಶುದ್ಧ’ದ ಬಳಗದ್ದು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಹಾಗಾದರೆ ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುವುದೂ ಸಾರನ್ನು ನೀರು ಹೊಯ್ದು ಸುಧಾರಿಸುವುದೂ ಒಂದೇ ಬಳಗದ ಕೆಲಸ. ಒಂದರಲ್ಲಿ ಬೇಡದ್ದನ್ನು ತೆಗೆಯುತ್ತೇವೆ. ಇನ್ನೊಂದರಲ್ಲಿ ಸಾಲದ್ದಕ್ಕೆ ನೀರು ಬೆರೆಸುತ್ತೇವೆ. ಶುದ್ಧಿಗೆಂದು ಹುಟ್ಟಿದ ಪದ ಬೆರಕೆಯ ಕೆಲಸಕ್ಕೂ ಒಗ್ಗಿಕೊಂಡಿತು.

ಉತ್ತರ ಕರ್ನಾಟಕದ ದೊಡ್ಡ ಭಾಗ ಪೇಶ್ವೆಯರ ಕಾಲದಲ್ಲೂ ಆಮೇಲೆ ಮುಂಬಯಿ ಆಧಿಪತ್ಯದಲ್ಲೂ ಮರಾಠಿಯ ಜೊತೆ ಬಾಳಿತು. ಕಚೇರಿ, ಶಾಲೆ, ಸಂತೆ ಎಲ್ಲೆಡೆ ಮಾತು ಬೆರೆಯಿತು. ಕಷ್ಟದ ಹೊತ್ತಿಗೆ ಒದಗುವ ನಮ್ಮ ಕ್ರಿಯಾಪದಗಳಲ್ಲಿ ಹಲವು ಆ ದಿಕ್ಕಿನವೇ: ನಿಭಾಯಿಸು, ಸಂಭಾಳಿಸು, ಸಾವರಿಸು. ಸಂಭಾಳಿಸು ತನ್ನ ಊರನ್ನು ತಾನೇ ಹೇಳುತ್ತದೆ. ಹಿಂದಿಯ ಸಂಭಾಲ್‌ನಾದಲ್ಲಿ ಇರುವುದು ಲಕಾರ. ಮರಾಠಿಯ ಸಾಂಭಾಳಣೆಂದಲ್ಲಿ ಳಕಾರ. ಕನ್ನಡದ ಳಕಾರ ಯಾವ ಕಡೆಯಿಂದ ಬಂತೆಂದು ಬೇರೆ ಸಾಕ್ಷಿ ಬೇಡ. ನಿಭಾಯಿಸು ‘ನಿರ್ವಾಹ’ದ ಸವೆದ ರೂಪ. ಅದರ ಸವೆಯದ ಅಣ್ಣ ನಿರ್ವಹಿಸು ಇವತ್ತಿಗೂ ಸರ್ಕಾರಿ ಟಿಪ್ಪಣಿಯಲ್ಲಿ ಗರಿಗರಿಯಾಗಿ ಕೂತಿದೆ.

ಇವು ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಸಂಭಾಳಿಸುವುದು ಜನರನ್ನು: ಅಳುವ ಮಗುವನ್ನು, ಸಿಟ್ಟಾದ ಮಾವನನ್ನು. ನಿಭಾಯಿಸುವುದು ಹೊತ್ತ ಹೊಣೆಯನ್ನು. ಸಾವರಿಸಿಕೊಳ್ಳುವುದು ಎಡವಿದ ಮೇಲೆ. ಸುಧಾರಿಸುವುದು ಕೊರತೆಯನ್ನು. ಪಾತ್ರೆಯ ತಳ ಕಂಡಾಗ, ಬರಬೇಕಾದವರು ಬಾರದಿದ್ದಾಗ ನೆನಪಾಗುವ ಪದ ಇದು.

ಯಕ್ಷಗಾನದ ರಂಗಸ್ಥಳದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬಣ್ಣದ ಮನೆಯಾದ ಚೌಕಿಯಲ್ಲಿ ಇನ್ನೂ ಕಿರೀಟ ಕಟ್ಟುತ್ತಿದ್ದಾರೆ, ಪ್ರವೇಶದ ಹೊತ್ತು ಬಂದಿದೆ. ಭಾಗವತರು ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ, ಮದ್ದಳೆಗಾರ ಇನ್ನೊಂದು ಸುತ್ತು ನುಡಿಸುತ್ತಾನೆ, ರಂಗದಲ್ಲಿರುವ ವೇಷಧಾರಿ ಕುಣಿತ ಬೆಳೆಸುತ್ತಾನೆ. ಆ ಕ್ಷಣಕ್ಕೆ ಹೊಳೆದ ಮಾತಿಗೆ ‘ಆಶು’ ಎಂಬ ಸಂಸ್ಕೃತ ಪದವಿದೆ. ಆಶುಕವಿತೆ, ಆಶುಭಾಷಣ ಎನ್ನುತ್ತೇವೆ. ಅದು ಪ್ರತಿಭೆಗೆ ಸಲ್ಲುವ ಮಾತು. ಬಾರದ ವೇಷಕ್ಕಾಗಿ ಪದ್ಯ ಎಳೆದದ್ದಕ್ಕೆ ಮಾತ್ರ ‘ಸುಧಾರಿಸಿದರು’ ಎಂಬುದೇ ಸಲ್ಲುತ್ತದೆ. ಅದರಲ್ಲಿ ಮೆಚ್ಚುಗೆಯಿದೆ, ಒಳಗಿನ ತೊಂದರೆ ಗೊತ್ತು ಎಂಬ ತುಂಟತನವೂ ಇದೆ.

ಕರಾವಳಿಯ ಹವ್ಯಕರ ಮನೆಗಳಲ್ಲಿ ಈ ಪದಕ್ಕೆ ಇನ್ನೊಂದು ಟಿಸಿಲು ಒಡೆದಿದೆ: ಸುದರಿಕೆ. ಮದುವೆ ಉಪನಯನಗಳಲ್ಲಿ ಬಂದವರನ್ನು ಉಪಚರಿಸಿ, ಬಡಿಸಿ, ಪಂಕ್ತಿ ಏಳುವವರೆಗೆ ನೋಡಿಕೊಳ್ಳುವ ಕೆಲಸ ಅದು. ಸೊಂಟಕ್ಕೆ ಬೈರಾಸು ಬಿಗಿದ ಬಾವ ಮೈದುನಂದಿರು ಸಾಲಿನುದ್ದಕ್ಕೂ ಓಡಾಡುತ್ತಾರೆ. ಅವರಲ್ಲಿ ಅನುಭವಸ್ಥನೊಬ್ಬ ಸೌಟು ಹಿಡಿಯದೆ ಬರೀ ನೋಡುತ್ತಿರುತ್ತಾನೆ. ಸಾಂಬಾರು ಕಡಿಮೆ ಬೀಳುವ ಸೂಚನೆ ಕಂಡರೆ ಸಾರಿನವನನ್ನು ಒಂದು ಸುತ್ತು ಬೇಗ ಹೊರಡಿಸುತ್ತಾನೆ. ಉಂಡವರಿಗೆ ಸುಳಿವೇ ಸಿಗುವುದಿಲ್ಲ. ‘ಸುದರಿಕೆ ಲಾಯ್ಕಾಯಿದು’ ಎಂದು ಯಾರಾದರೂ ಹೇಳಿದರೆ ಅವನಿಗೆ ಅಷ್ಟೇ ಸಾಕು.

ಕರಾವಳಿಯಾಚೆಯ ಕನ್ನಡದಲ್ಲಿ ಈ ಅರ್ಥಕ್ಕೆ ಬಳಕೆಯ ನಾಮಪದವೇ ಇಲ್ಲ. ಸುಧಾರಣೆ ಎಂದೊಡನೆ ಸಮಾಜ ಸುಧಾರಣೆ, ಚುನಾವಣಾ ಸುಧಾರಣೆ, 1991ರ ಆರ್ಥಿಕ ಸುಧಾರಣೆ ನೆನಪಾಗುತ್ತವೆ. ಆ ಹಿರಿಮೆ ಅದಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಪುಣೆಯಲ್ಲಿ ಗೋಪಾಲ ಗಣೇಶ ಆಗರಕರ್ 1888ರಲ್ಲಿ ಹೊರಡಿಸಿದ ಪತ್ರಿಕೆಯ ಹೆಸರೇ ‘ಸುಧಾರಕ’. ವಿಧವಾ ವಿವಾಹ, ಸ್ತ್ರೀಶಿಕ್ಷಣಗಳ ವಾದ ಕಾವೇರಿದ್ದ ಕಾಲ ಅದು. ನಾಮಪದ ಹೀಗೆ ವೇದಿಕೆ ಹತ್ತಿತು. ಕ್ರಿಯಾಪದ ಮನೆಯಲ್ಲೇ ಉಳಿಯಿತು.

ಎರಡರ ನಡುವಿನ ದೂರ ಹಳ್ಳಿಗಳಿಗೆ ಚೆನ್ನಾಗಿ ಗೊತ್ತಾದದ್ದು ಭೂಸುಧಾರಣೆಯ ಕಾಲಕ್ಕೆ. 1961ರ ಕಾಯ್ದೆಗೆ ದೇವರಾಜ ಅರಸರ ಸರ್ಕಾರದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿದರು. ಕರಾವಳಿಯಲ್ಲಿ ಅದಕ್ಕೆ ‘ಡಿಕ್ಲರೇಷನ್ ಕೊಡುವುದು’ ಎಂದೇ ಹೆಸರು. ಎಷ್ಟೋ ಜನ ಉಳುವ ನೆಲದ ಒಡೆಯರಾದರು. ಎಷ್ಟೋ ಅರ್ಜಿಗಳು ಭೂನ್ಯಾಯಮಂಡಳಿಯಿಂದ ಹೈಕೋರ್ಟಿಗೂ ಅಲ್ಲಿಂದ ಮತ್ತೆ ಮಂಡಳಿಗೂ ವರ್ಷಗಟ್ಟಲೆ ಅಲೆದವು. ಸುಧಾರಣೆ ಕೈಗೆ ಬರುವವರೆಗೆ ಅರ್ಜಿದಾರರ ಮನೆಮಂದಿ ಮಾಡಿದ್ದೂ ಅದೇ ಧಾತುವಿನ ಕೆಲಸ: ಸುಧಾರಿಸಿಕೊಂಡಿದ್ದರು.

ಈ ‘ಕೊಳ್ಳು’ ಎಲ್ಲಿಂದಲೂ ಬಂದದ್ದಲ್ಲ, ಅಪ್ಪಟ ಕನ್ನಡದ್ದು. ಕ್ರಿಯೆಯ ಫಲವನ್ನು ಮಾಡಿದವನ ಕಡೆಗೇ ತಿರುಗಿಸುವುದು ಅದರ ಕಸುಬು. ಓಡಿ ಬಂದವನಿಗೆ ‘ವಸಿ ಸುದಾರಿಸ್ಕೋ’ ಎಂದರೆ ಏದುಸಿರು ಇಳಿಯಲಿ, ಆಮೇಲೆ ಮಾತಾಡೋಣ ಎಂದರ್ಥ. ಜ್ವರ ಬಿಟ್ಟವರು ಸುಧಾರಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಅದು ಮಮತೆಯ ಮಾತು. ಅದೇ ಮಾತನ್ನು ಹೊಸದಾಗಿ ಮನೆ ಸೇರಿದ ಸೊಸೆಗೆ ಹೇಳಿದಾಗ ರುಚಿ ಬದಲಾಗುತ್ತದೆ. ‘ಸ್ವಲ್ಪ ಸುಧಾರಿಸ್ಕೊಂಡು ಹೋಗಮ್ಮ’ ಎಂದರೆ ಇಲ್ಲಿ ಬೇರೆ ಯಾವುದೂ ಸುಧಾರಿಸುವುದಿಲ್ಲ, ನೀನೇ ಸುಧಾರಿಸಬೇಕು ಎಂದಷ್ಟೇ. ಬೆಂಗಳೂರಿನ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವಾಗ ಇಂಗ್ಲಿಷ್ ಪದಕ್ಕೂ ನಾವು ತಗುಲಿಸಿರುವುದು ಇದೇ ಕೊಳ್ಳುವನ್ನು.

ಇದ್ದುದರಲ್ಲೇ ಕೆಲಸ ಸಾಗಿಸುವ ಉತ್ತರ ಭಾರತದ ಜುಗಾಡ್ ಈಗಾಗಲೇ ಲೋಕಪ್ರಸಿದ್ಧವಾಗಿದೆ. ಬಾವಿಯ ಡೀಸೆಲ್ ಎಂಜಿನ್ನಿಗೆ ಚಕ್ರ ಜೋಡಿಸಿದ ಗಾಡಿಯ ಈ ಹೆಸರು 2012ರ ಹೊತ್ತಿಗೆ ಮ್ಯಾನೇಜ್‌ಮೆಂಟ್ ಪುಸ್ತಕವೊಂದರ ಶೀರ್ಷಿಕೆಯಾಯಿತು. ಜುಗಾಡಿಗೆ ತೋರಿಸಲು ಒಂದು ವಸ್ತುವಿರುತ್ತದೆ. ಸುಧಾರಿಸಿದ್ದಕ್ಕೆ ಗುರುತೇ ಇರುವುದಿಲ್ಲ; ಊಟ ಮುಗಿದ ಮೇಲೆ ಸಾರು ತೆಳುವಾಗಿತ್ತೆಂದು ಯಾರಿಗೂ ತಿಳಿಯದಿದ್ದರೆ ಆಗಲೇ ಅದು ಗೆದ್ದದ್ದು. ಹಾಗಾಗಿ ಈ ಪದ ಕಿವಿಗೆ ಬಿದ್ದಾಗ ಹೇಳುತ್ತಿರುವವರು ಯಾರು ಎಂದು ನೋಡುವುದು ಒಳ್ಳೆಯದು. ‘ಸುಧಾರಿಸಿದೆ’ ಎಂದು ಮಾಡಿದವರೇ ಹೇಳಿದರೆ ಹೌದೆನ್ನಬೇಕು. ‘ಸುಧಾರಿಸಿಕೊಳ್ಳಿ’ ಎಂದು ಇನ್ನೊಬ್ಬರು, ಅದರಲ್ಲೂ ಕೊಡಬೇಕಾದ್ದನ್ನು ಕೊಡದವರು ಹೇಳಿದರೆ ಎಷ್ಟು ದಿನ ಎಂದು ಕೇಳಬೇಕು.