ಅಹಮದಾಬಾದಿನ ಪೋಳಗಳು ಮತ್ತು ಶ್ರಾವಕಧರ್ಮ

ಗೃಹಸ್ಥನಾದವನು ಎಂತಹ ಸ್ಥಳದಲ್ಲಿ, ಎಂತಹ ಮನೆಯಲ್ಲಿ ವಾಸಿಸಬೇಕು ಎಂಬುದು ಕೇವಲ ಅನುಕೂಲದ ಪ್ರಶ್ನೆಯೆಂದು ಇಂದು ನಾವು ತಿಳಿದಿದ್ದೇವೆ. ನಮ್ಮ ಪೂರ್ವಾಚಾರ್ಯರು ಅದನ್ನು ಧರ್ಮದ ಪ್ರಶ್ನೆಯೆಂದೇ ಎಣಿಸಿದ್ದರು. 12ನೆಯ ಶತಮಾನದಲ್ಲಿ ಗುಜರಾತಿನಲ್ಲಿದ್ದ ಹೇಮಚಂದ್ರಾಚಾರ್ಯರು ತಮ್ಮ ‘ಯೋಗಶಾಸ್ತ್ರ’ದಲ್ಲಿ ಸದ್ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ನ್ಯಾಯಾರ್ಜಿತ ಧನ, ಮಾತಾಪಿತೃಗಳ ಸೇವೆ ಮುಂತಾದ ಗುಣಗಳ ಸಾಲಿನಲ್ಲಿಯೇ ಮನೆಯ ವಿಚಾರವನ್ನೂ ಸೇರಿಸಿದ್ದಾರೆ. ಮನೆಯು ತೀರ ಬಯಲಿಗೆ ಬಿದ್ದಿರಬಾರದು, ತೀರ ಮರೆಯಲ್ಲಿಯೂ ಇರಬಾರದು; ಹೊರಹೋಗುವ ಬಾಗಿಲುಗಳು ಬಹಳವಿರಬಾರದು; ನೆರೆಯವರು ಒಳ್ಳೆಯವರಾಗಿರಬೇಕು ಎಂಬುದು ಅವರ ಅಭಿಪ್ರಾಯದ ಸಾರ. ದಿಗಂಬರ ಸಂಪ್ರದಾಯದ ಪಂಡಿತ ಆಶಾಧರರೂ 13ನೆಯ ಶತಮಾನದ ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕನಿಗೆ ಇರಬೇಕಾದ ಯೋಗ್ಯತೆಗಳ ನಡುವೆ ತಕ್ಕ ಸ್ಥಳ ಮತ್ತು ತಕ್ಕ ಮನೆಯನ್ನು ಎಣಿಸಿದ್ದಾರೆ. ನೆರೆಹೊರೆ ಸರಿಯಿಲ್ಲದೆ ವ್ರತಪಾಲನೆ ಕಷ್ಟವೆಂಬುದನ್ನು ಎರಡೂ ಸಂಪ್ರದಾಯಗಳು ಒಪ್ಪಿದ್ದವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಮಾತು ಇಟ್ಟಿಗೆ ಮರಗಳಲ್ಲಿ ರೂಪ ತಳೆದುದನ್ನು ಕಾಣಬೇಕಾದರೆ ಅಹಮದಾಬಾದಿನ ಹಳೆಯ ನಗರಕ್ಕೆ ಹೋಗಬೇಕು. ಸುಲ್ತಾನ ಅಹಮದ್ ಷಾಹನು ಕ್ರಿ.ಶ. 1411ರಲ್ಲಿ ಸಾಬರಮತಿಯ ಪೂರ್ವದಂಡೆಯಲ್ಲಿ ಸ್ಥಾಪಿಸಿದ ಈ ನಗರದ ವಸತಿಕೇರಿಗಳಿಗೆ ‘ಪೋಳ’ ಎಂದು ಹೆಸರು. ಹೆಬ್ಬಾಗಿಲು ಎಂಬ ಅರ್ಥದ ಸಂಸ್ಕೃತದ ‘ಪ್ರತೋಲೀ’ ಶಬ್ದದಿಂದ ಇದು ಬಂದಿದೆ. ರಸ್ತೆಯಿಂದ ಒಂದು ದೊಡ್ಡ ಬಾಗಿಲು, ಅದರೊಳಗೆ ಅಂಕುಡೊಂಕಾಗಿ ಸಾಗುವ ಕಿರಿದಾದ ಓಣಿ, ಓಣಿಯಿಂದ ಕವಲೊಡೆಯುವ ‘ಖಡಕಿ’ ಎಂಬ ಸಣ್ಣ ಅಂಗಳಗಳು, ಅವುಗಳ ಸುತ್ತ ಗೋಡೆಗೆ ಗೋಡೆ ತಾಗಿದ ಮನೆಗಳು – ಇದು ಪೋಳದ ರಚನೆ. ಹೇಮಚಂದ್ರರು ಬಯಸಿದ ಮನೆ, ಬಯಲೂ ಅಲ್ಲದ ಮರೆಯೂ ಅಲ್ಲದ ಮನೆ, ಅವರ ತರುವಾಯದ ಶತಮಾನಗಳಲ್ಲಿ ಇಲ್ಲಿ ಸಾವಿರಾರು ಕುಟುಂಬಗಳ ನಿತ್ಯಜೀವನವಾಯಿತು. ಝವೇರಿವಾಡ, ದೋಶಿವಾಡ, ಹಾಜಾ ಪಟೇಲ್ ಪೋಳ ಮುಂತಾದೆಡೆ ಜೈನರ ವಸತಿ ದಟ್ಟವಾಗಿತ್ತು. ಒಂದು ದೇರಾಸರದ ಘಂಟಾನಾದ ಮತ್ತೊಂದರ ಬಾಗಿಲಿಗೆ ಕೇಳುವಷ್ಟು ಹತ್ತಿರ ಹತ್ತಿರದಲ್ಲಿ ಜಿನಮಂದಿರಗಳಿವೆ.

ಮನೆಗಳ ರಚನೆಯನ್ನು ಗಮನಿಸಿದರೆ ನಮ್ಮ ತೊಟ್ಟಿಮನೆಗಳ ನೆನಪಾಗುತ್ತದೆ. ಮುಂದೆ ಜಗಲಿ, ನಡುವೆ ಗಾಳಿ ಬೆಳಕಿಗೆ ತೆರೆದ ಚೌಕ, ಚೌಕದ ಅಡಿಯಲ್ಲಿ ‘ಟಾಂಕಾ’ ಎಂಬ ನೆಲದೊಳಗಿನ ತೊಟ್ಟಿ. ಮಳೆಗಾಲದ ಮೊದಲ ನೀರು ಮಾಳಿಗೆಯನ್ನು ತೊಳೆದು ಹರಿದುಹೋದ ಮೇಲೆ, ಅನಂತರದ ನೀರನ್ನು ಕೊಳವೆಯ ಮೂಲಕ ಸುಣ್ಣದ ಗಾರೆಯ ಈ ತೊಟ್ಟಿಗೆ ಇಳಿಸುತ್ತಿದ್ದರು. ಬಿಸಿಲು ತಾಗದ ಆ ನೀರು ಬೇಸಗೆಯವರೆಗೂ ಕುಡಿಯಲು ಒದಗುತ್ತಿತ್ತು. ನೀರನ್ನು ಸೋಸಿ, ಕಾಯಿಸಿ, ಅಳತೆಯಿಂದ ಬಳಸಬೇಕೆಂಬ ಶ್ರಾವಕಾಚಾರಕ್ಕೆ ಮನೆಯೇ ಸಹಾಯಕವಾಗಿತ್ತು. ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬುವ ಕಟ್ಟಡ ಪದ್ಧತಿಯಿಂದಾಗಿ ಗೋಡೆಗಳು ಭೂಕಂಪದಲ್ಲಿ ತೂಗಿದರೂ ಸುಲಭವಾಗಿ ಬೀಳುವುದಿಲ್ಲ. 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನ ಹೊಸ ಬಡಾವಣೆಗಳ ಹಲವು ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಮೃತರಾದರು. ಹಳೆಯ ಪೋಳಗಳ ಹೆಚ್ಚಿನ ಮನೆಗಳು ಉಳಿದುಕೊಂಡವು.

ಪೋಳದ ಬಯಲಿನಲ್ಲಿ ಒಂದು ಕಂಬದ ಮೇಲೆ ಸಣ್ಣ ಮಂಟಪದಂತೆ ಕಾಣುವ ‘ಚಬೂತರೋ’ ಇರುತ್ತದೆ. ಇದು ಹಕ್ಕಿಗಳಿಗೆ ಕಾಳು ಹಾಕುವ ಗೋಪುರ. ಬೆಕ್ಕು ನಾಯಿಗಳಿಗೆ ಎಟುಕದ ಎತ್ತರದಲ್ಲಿ, ಕುಶಲ ಕೆತ್ತನೆಯಿಂದ ಕೂಡಿದ ಈ ಕಟ್ಟಡಕ್ಕೆ ಪೋಳದ ಜನರೆಲ್ಲರೂ ಕಾಳು ಒದಗಿಸುತ್ತಾರೆ. ಅಹಿಂಸೆಯನ್ನು ಕೊಲ್ಲದಿರುವುದಕ್ಕೆ ಮಾತ್ರ ಸೀಮಿತಗೊಳಿಸದೆ, ಪ್ರತಿದಿನ ಮಾಡಬೇಕಾದ ಒಂದು ಕೆಲಸವನ್ನಾಗಿ ನೆರೆಹೊರೆಯವರು ಹಂಚಿಕೊಂಡುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಕಟ್ಟಡಗಳಿಗಿಂತ ಮುಖ್ಯವಾದುದು ಪೋಳದ ಕಟ್ಟುಪಾಡು. ಪ್ರತಿಯೊಂದು ಪೋಳಕ್ಕೂ ತನ್ನದೇ ಪಂಚಾಯಿತಿ, ತನ್ನದೇ ನಿಧಿ ಇರುತ್ತಿದ್ದವು. ಮನೆ ಮಾರುವವನು ಮೊದಲು ಪೋಳದವರಿಗೆ ತಿಳಿಸಬೇಕಿತ್ತು. ಮಾರಾಟದ ಹಣದಲ್ಲಿ ಒಂದು ಪಾಲು ನಿಧಿಗೆ ಸಲ್ಲುತ್ತಿತ್ತು. ಮದುವೆಯ ಕಾಲದಲ್ಲಿ ಕಾಣಿಕೆ, ನಿಯಮ ಮೀರಿದರೆ ದಂಡ. ಈ ಹಣದಿಂದ ಹೆಬ್ಬಾಗಿಲಿನ ದುರಸ್ತಿ, ಕಾವಲುಗಾರನ ಸಂಬಳ ಮುಂತಾದ ಸಾಮೂಹಿಕ ವೆಚ್ಚಗಳು ನಡೆಯುತ್ತಿದ್ದವು. ಮನೆ ಒಬ್ಬನ ಸ್ವತ್ತಾದರೂ ಅದರ ಮೇಲೆ ನೆರೆಯವರಿಗೂ ಒಂದು ಹಕ್ಕಿದೆ ಎಂಬ ಭಾವನೆ ಇದರ ಹಿಂದಿತ್ತು. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳಬೇಕೆಂಬ ಅಣುವ್ರತದ ಲೌಕಿಕ ರೂಪವೆಂದು ಇದನ್ನು ಕರೆದರೆ ತಪ್ಪಾಗಲಾರದು.

ಇಂತಹ ಓಣಿಗಳಿಂದ ಬಂದ ಶ್ರಾವಕರು ನಗರಕ್ಕೆ ಮಾಡಿದ ಸೇವೆ ಇತಿಹಾಸದಲ್ಲಿ ದಾಖಲಾಗಿದೆ. ಮೊಗಲರ ಕಾಲದ ಪ್ರಸಿದ್ಧ ರತ್ನವ್ಯಾಪಾರಿ ಶಾಂತಿದಾಸ ಝವೇರಿಯವರು ನಗರದ ಹೊರಗಿನ ಸರಸಪುರದಲ್ಲಿ ಚಿಂತಾಮಣಿ ಪಾರ್ಶ್ವನಾಥ ಮಂದಿರವನ್ನು ಕಟ್ಟಿಸಿದರು. ಅದು 1625ರ ಹೊತ್ತಿಗೆ ಪೂರ್ಣಗೊಂಡಿತು. 1645ರಲ್ಲಿ ಗುಜರಾತಿನ ಸುಬೇದಾರನಾಗಿದ್ದ ಔರಂಗಜೇಬನು ಅದನ್ನು ಭ್ರಷ್ಟಗೊಳಿಸಿ ಮಸೀದಿಯನ್ನಾಗಿ ಮಾಡಿಸಿದನು. ಶಾಂತಿದಾಸರ ಅಹವಾಲಿನ ಮೇರೆಗೆ ಬಾದಷಹ ಷಹಜಹಾನನು 1648ರಲ್ಲಿ ಮಂದಿರವನ್ನು ಅವರಿಗೆ ಹಿಂದಿರುಗಿಸುವಂತೆ ಫರ್ಮಾನು ಹೊರಡಿಸಿದನು. ಆದರೆ ಆ ಭವ್ಯ ಮಂದಿರ ಇಂದು ಉಳಿದಿಲ್ಲ. ಝವೇರಿವಾಡದ ಓಣಿಗಳೊಳಗಿನ, ಹೊರಗಿನಿಂದ ಮನೆಯಂತೆಯೇ ತೋರುವ ದೇರಾಸರಗಳು ಉಳಿದಿವೆ. ಅವುಗಳ ಸುತ್ತ ಜನವಸತಿಯಿತ್ತು ಎಂಬುದು ಇದಕ್ಕೆ ಒಂದು ಮುಖ್ಯ ಕಾರಣ.

ಶಾಂತಿದಾಸರ ಮೊಮ್ಮಗ ನಗರಶೇಠ ಖುಶಾಲಚಂದರ ಕಾಲದಲ್ಲಿ, 1725ರಲ್ಲಿ, ಮರಾಠಾ ಸೈನ್ಯ ಅಹಮದಾಬಾದನ್ನು ಸುಲಿಗೆ ಮಾಡುವ ಸಂದರ್ಭ ಒದಗಿತು. ಖುಶಾಲಚಂದರು ತಮ್ಮ ಸ್ವಂತ ಹಣವನ್ನು ಕೊಟ್ಟು ಸುಲಿಗೆಯನ್ನು ತಪ್ಪಿಸಿದರು. ಇದಕ್ಕೆ ಕೃತಜ್ಞತೆಯಾಗಿ ನಗರದ ಹಿಂದೂ ಮತ್ತು ಮುಸಲ್ಮಾನ ವರ್ತಕರು ಕೂಡಿ, ಮಾರಾಟವಾಗುವ ಸರಕಿನ ಪ್ರತಿ ನೂರು ರೂಪಾಯಿಗೆ ನಾಲ್ಕಾಣೆಯಂತೆ ಅವರ ವಂಶಕ್ಕೆ ಸಲ್ಲಿಸುವುದಾಗಿ ಬರೆದುಕೊಟ್ಟರು. ಒಬ್ಬ ಜೈನ ಶ್ರೇಷ್ಠಿಯು ತನ್ನ ಪೋಳವನ್ನಷ್ಟೇ ಕಾಯದೆ ಇಡೀ ಊರನ್ನು ಕಾಯ್ದುದು ಇಲ್ಲಿ ಮನನೀಯ. ಮುಂದೆ 1845ರಲ್ಲಿ ಶೇಠ ಹಠೀಸಿಂಗ್ ಕೇಸರಿಸಿಂಗರು ಕಾಲವಾದಾಗ, ಅವರು ಆರಂಭಿಸಿದ್ದ ಧರ್ಮನಾಥ ಸ್ವಾಮಿಯ ಮಂದಿರವನ್ನು ಅವರ ಪತ್ನಿ ಹರಕುಂವರ ಶೇಠಾಣಿಯವರು ಮುಂದೆ ನಿಂತು 1848ರಲ್ಲಿ ಪೂರ್ಣಗೊಳಿಸಿದರು. ಹೆಣ್ಣುಮಕ್ಕಳ ಶಿಕ್ಷಣಕ್ಕೂ ಆ ಮಹಾತಾಯಿಯ ದಾನ ಸಂದಿತು. ಶತ್ರುಂಜಯ ಮುಂತಾದ ತೀರ್ಥಗಳ ಆಡಳಿತ ನಡೆಸುವ ಆನಂದಜೀ ಕಲ್ಯಾಣಜೀ ಸಂಸ್ಥೆಗೆ 1880ರಲ್ಲಿ ಕ್ರಮಬದ್ಧವಾದ ನಿಯಮಾವಳಿ ರೂಪುಗೊಂಡುದೂ ಇದೇ ನಗರದ ನಗರಶೇಠ ಪ್ರೇಮಾಭಾಯಿಯವರ ಮುಂದಾಳುತನದಲ್ಲಿ.

ಇಷ್ಟು ಸಮೃದ್ಧವಾದ ಕೇರಿಗಳು ಏಕೆ ಬರಿದಾದವು? ಕಾರಣಗಳು ಹಲವು. 1892ರಲ್ಲಿ ಎಲಿಸ್ ಸೇತುವೆ ಸಿದ್ಧವಾದ ಮೇಲೆ ನದಿಯ ಪಶ್ಚಿಮಕ್ಕೆ ದಾರಿ ಸುಗಮವಾಯಿತು. 20ನೆಯ ಶತಮಾನದಲ್ಲಿ ಅಲ್ಲಿ ಸಹಕಾರಿ ಗೃಹನಿರ್ಮಾಣ ಸೊಸೈಟಿಗಳು ಬೆಳೆದವು. ಸ್ಥಿತಿವಂತರು ಮೊದಲು ಹೊರಟರು, ಮಧ್ಯಮವರ್ಗದವರು ಹಿಂಬಾಲಿಸಿದರು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಬಾಡಿಗೆಗಳು ಅಲ್ಲಿಯೇ ನಿಂತವು, ದುರಸ್ತಿಗೆ ಮಾಲೀಕರು ಕೈಹಾಕದಾದರು. ಒಂದು ಮನೆಗೆ ಹತ್ತಾರು ವಾರಸುದಾರರಾದಾಗ ಸಹಿ ಹಾಕುವವರು ಅನೇಕರು, ಹೆಂಚು ಬದಲಿಸುವವರು ಯಾರೂ ಇಲ್ಲ. 1969, 1985 ಮತ್ತು 2002ರ ಕೋಮುಗಲಭೆಗಳು ಭೀತಿಯನ್ನು ಹೆಚ್ಚಿಸಿದವು. ಬಿಟ್ಟುಹೋದ ಮನೆಗಳಲ್ಲಿ ಗೋದಾಮು, ಅಂಗಡಿಗಳು ಬಂದವು. ಕೆತ್ತನೆಯ ಕಂಬ ಬೋದಿಗೆಗಳು ಹಳೆಯ ವಸ್ತುಗಳ ವ್ಯಾಪಾರಿಗಳ ಪಾಲಾದವು.

ಬಿಟ್ಟುಹೋದವರನ್ನು ದೂಷಿಸುವುದು ನ್ಯಾಯವಲ್ಲ. ವೃದ್ಧರಿಗೆ ಕಡಿದಾದ ಮೆಟ್ಟಿಲು, ವಾಹನ ಬಾರದ ಓಣಿ, ಮಕ್ಕಳ ವಿದ್ಯಾಭ್ಯಾಸ – ಇವೆಲ್ಲ ನಿಜವಾದ ಕಷ್ಟಗಳು. ಆದರೆ ಅವರೊಡನೆ ಏನೇನು ಹೋಯಿತೆಂಬ ಲೆಕ್ಕವನ್ನು ನಾವು ಬರೆದಿಡಬೇಕು. ದೇರಾಸರಕ್ಕೆ ನಿತ್ಯ ಪ್ರಕ್ಷಾಲ, ಪೂಜೆ ಆಗಬೇಕು. ಸ್ನಾನ ಮಾಡಿ ಮಡಿಯುಟ್ಟು ನಡೆದು ಬರುವ ದೂರದಲ್ಲಿ ಶ್ರಾವಕರು ಇದ್ದರೆ ಅದು ಸಹಜವಾಗಿ ನಡೆಯುತ್ತದೆ, ಇಲ್ಲದಿದ್ದರೆ ಸಂಬಳದ ಪೂಜಾರಿಯೊಬ್ಬನ ಕೆಲಸವಾಗುತ್ತದೆ. ಸಾಧು ಸಾಧ್ವಿಯರು ವಾಹನವೇರುವುದಿಲ್ಲ. ಹಲವು ಮನೆಗಳಿಂದ ಸ್ವಲ್ಪ ಸ್ವಲ್ಪವೇ ಆಹಾರ ಸ್ವೀಕರಿಸುವುದು ಅವರ ಗೋಚರಿಯ ಕ್ರಮ. ಉಪಾಶ್ರಯದ ಸುತ್ತ ಅಡಿಗೆ ಮಾಡುವ ಜೈನರ ಮನೆಗಳೇ ಇಲ್ಲವಾದರೆ ಅವರ ಸಂಯಮಯಾತ್ರೆ ಸಾಗುವುದು ಹೇಗೆ? ಚಾತುರ್ಮಾಸ ನಡೆಯುವುದು ಹೇಗೆ? ಮಂದಿರದ ಶಿಖರಕ್ಕೆ ಬಂಗಾರದ ಕಲಶವಿಟ್ಟರೂ ಈ ಕೊರತೆ ತುಂಬಲಾರದು.

ಇಲ್ಲಿ ವಾಣಿಜ್ಯಶಾಸ್ತ್ರ ಓದಿದವನ ಕಣ್ಣಿಗೆ ಕಾಣುವ ಒಂದು ಸಂಗತಿಯಿದೆ. ಶ್ವೇತಾಂಬರ ಟ್ರಸ್ಟುಗಳ ಲೆಕ್ಕದಲ್ಲಿ ‘ದೇವದ್ರವ್ಯ’ ಮತ್ತು ‘ಸಾಧಾರಣ ಖಾತೆ’ ಎಂಬ ಎರಡು ಪ್ರತ್ಯೇಕ ಖಾತೆಗಳಿವೆ. ಬೋಲಿಯಿಂದ, ಅಂದರೆ ಪೂಜೆಯ ಸವಾಲುಗಳಿಂದ, ಬರುವ ಹಣ ಪ್ರಾಯಶಃ ದೇವದ್ರವ್ಯಕ್ಕೆ ಸೇರುತ್ತದೆ. ಅದನ್ನು ಜಿನಬಿಂಬ, ಜಿನಮಂದಿರಗಳಿಗೆ ಬಿಟ್ಟು ಶ್ರಾವಕರ ಉಪಯೋಗಕ್ಕೆ ತರುವಂತಿಲ್ಲ. ಈ ನಿಯಮ ಪೂಜ್ಯವಾದುದು. ಮಂದಿರದ ಹಣಕ್ಕೆ ಯಾರೂ ಕೈಚಾಚದಂತೆ ಅದು ಶತಮಾನಗಳಿಂದ ಕಾಪಾಡಿದೆ. ಆದರೆ ಸಾಧಾರಣ ಖಾತೆಗೆ ಕೊಡುವವರು ಕಡಿಮೆಯಾದುದರಿಂದ, ಮಂದಿರಕ್ಕೆ ಹೊಸ ಅಮೃತಶಿಲೆ ಹಾಸಲು ಹಣವಿದ್ದಾಗಲೂ ಅದರ ಪಕ್ಕದ ಬಡ ಶ್ರಾವಕನ ಸೋರುವ ಮಾಳಿಗೆಗೆ ಹಣವಿಲ್ಲವೆಂಬ ಸ್ಥಿತಿ ಉಂಟಾಗುತ್ತದೆ. ಜಿನಬಿಂಬ, ಜಿನಮಂದಿರ, ಜಿನಾಗಮ, ಸಾಧು, ಸಾಧ್ವಿ, ಶ್ರಾವಕ, ಶ್ರಾವಿಕಾ ಎಂದು ದಾನಕ್ಕೆ ಏಳು ಕ್ಷೇತ್ರಗಳನ್ನು ಹೇಳಿದೆ. ಕೊನೆಯ ಎರಡು ಕ್ಷೇತ್ರಗಳು ಒಣಗಿದರೆ ಮೊದಲ ಎರಡನ್ನು ಕಾಯುವವರೇ ಇರುವುದಿಲ್ಲ. ದೋಷ ನಿಯಮದ್ದಲ್ಲ, ಕೊಡುವಾಗ ಯಾವ ಖಾತೆಗೆಂದು ಯೋಚಿಸದ ದಾನಿಯದು.

ಪೋಳದ ಜೀವನವನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನೂ ಹೇಳದೆ ಬಿಡುವಂತಿಲ್ಲ. ಹೆಬ್ಬಾಗಿಲು ಕಳ್ಳರನ್ನು ತಡೆದಂತೆ ಅನ್ಯರನ್ನೂ ತಡೆಯಿತು. ಎಷ್ಟೋ ಪೋಳಗಳು ಒಂದೇ ಜಾತಿಯವರಿಗೆ ಮೀಸಲಾಗಿದ್ದವು. ಆಹಾರಶುದ್ಧಿಯನ್ನು ಬಯಸುವುದು ನಮ್ಮ ಧರ್ಮ. ಆ ಹೆಸರಿನಲ್ಲಿ ಮನುಷ್ಯರನ್ನು ಹೀನೈಸುವುದು ಧರ್ಮವಾಗಲಾರದು. ಕಾಳು ಹಾಕುವಾಗ ಚಬೂತರೋ ಯಾವ ಹಕ್ಕಿಯ ಕುಲವನ್ನೂ ಕೇಳುವುದಿಲ್ಲ. ಖುಶಾಲಚಂದರಿಗೆ ಬರೆದುಕೊಟ್ಟ ಪತ್ರಕ್ಕೆ ಎರಡೂ ಮತದವರು ಸಹಿ ಹಾಕಿದುದು ಅವರ ಔದಾರ್ಯ ತನ್ನ ಬಾಗಿಲನ್ನು ದಾಟಿದ್ದರಿಂದ. ಹಳೆಯ ಕೇರಿಯನ್ನು ಉಳಿಸುವವರು ಈ ಔದಾರ್ಯವನ್ನೂ ಉಳಿಸಬೇಕು.

2017ರ ಜುಲೈ ತಿಂಗಳಲ್ಲಿ ಯುನೆಸ್ಕೋ ಸಂಸ್ಥೆಯು ಅಹಮದಾಬಾದಿನ ಹಳೆಯ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಈ ಗೌರವ ಪಡೆದ ಮೊದಲ ನಗರವಿದು. 1997ರಿಂದಲೇ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜುಮ್ಮಾ ಮಸೀದಿಯವರೆಗೆ ಪ್ರವಾಸಿಗಳನ್ನು ನಡೆಸಿಕೊಂಡು ಹೋಗುವ ಪರಂಪರೆಯ ನಡಿಗೆ ಆರಂಭವಾಗಿದೆ. ಇವೆಲ್ಲ ಸಂತೋಷದ ವಿಷಯ. ಆದರೆ ನೋಡಲು ಬರುವವರು ಹೆಚ್ಚಿ, ಇರುವವರು ಕಡಿಮೆಯಾದರೆ ಏನಾಗುತ್ತದೆಂಬುದಕ್ಕೆ ಗುಜರಾತಿನಲ್ಲಿಯೇ ನಿದರ್ಶನವಿದೆ. ಪಾಟಣದಲ್ಲಿ 16ನೆಯ ಶತಮಾನದ ಕೊನೆಯಲ್ಲಿ ನಿರ್ಮಿತವಾದ ವಾಡೀ ಪಾರ್ಶ್ವನಾಥ ಮಂದಿರದ ಕೆತ್ತನೆಯ ಮರದ ಮಂಟಪವು 1916ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಅಲ್ಲಿ ಅದು ಬಹಳ ಸುರಕ್ಷಿತವಾಗಿದೆ. ಅದರ ಕೆಳಗೆ ನಿಂತು ತಲೆಯೆತ್ತಿ ನೋಡುವವರು ಅನೇಕರು. ಕೈಮುಗಿದು ಪ್ರದಕ್ಷಿಣೆ ಬರುವವರಿಲ್ಲ.

ಕನ್ನಡನಾಡಿನ ನಮಗೆ ಇದು ದೂರದ ಕಥೆಯಲ್ಲ. ಹದಿನೆಂಟು ಬಸದಿಗಳ ಮೂಡುಬಿದಿರೆಯಲ್ಲಿ, ಕಾರ್ಕಳದ ಹಿರಿಯಂಗಡಿಯಲ್ಲಿ ಬಸದಿಗಳು ವರ್ತಕ ಶ್ರಾವಕರ ವಸತಿಯೊಡನೆಯೇ ಬೆಳೆದವು. ಧವಲ, ಜಯಧವಲಗಳ ತಾಳೆಗರಿಯ ಪ್ರತಿಗಳು ಬೇರೆಲ್ಲಿಯೂ ಉಳಿಯದಿದ್ದ ಕಾಲದಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದವು. ಕಲ್ಲಿನ ಗೋಡೆಯಷ್ಟೇ ಅವನ್ನು ಕಾಯಲಿಲ್ಲ. ಪೀಳಿಗೆಯಿಂದ ಪೀಳಿಗೆಗೆ ಅಲ್ಲಿಯೇ ಇದ್ದು ಎಚ್ಚರವಹಿಸಿದ ಶ್ರಾವಕಸಮೂಹ ಕಾಯಿತು. ಇಂದು ಆ ಮನೆತನಗಳ ಮಕ್ಕಳು ಮಂಗಳೂರು, ಬೆಂಗಳೂರು, ಮುಂಬಯಿಗಳಲ್ಲಿದ್ದಾರೆ. ವಾರ್ಷಿಕೋತ್ಸವಕ್ಕೆ ಬಂದು, ಕಾಣಿಕೆ ಕೊಟ್ಟು ಹಿಂದಿರುಗುತ್ತಾರೆ.

ಆದುದರಿಂದ ಬಸದಿಗಳ ಮೊಕ್ತೇಸರರಲ್ಲಿ ಮತ್ತು ಟ್ರಸ್ಟಿಗಳಲ್ಲಿ ಕೆಲವು ವಿನಂತಿಗಳು. ಜೀರ್ಣೋದ್ಧಾರದ ಅಂದಾಜುಪಟ್ಟಿ ಸಿದ್ಧಪಡಿಸುವಾಗ ಬಸದಿಯ ಪ್ರಾಕಾರಕ್ಕೇ ನಿಲ್ಲದೆ ಸುತ್ತಲಿನ ಮನೆಗಳನ್ನೂ ಒಮ್ಮೆ ಎಣಿಸಬೇಕು: ಎಷ್ಟು ಮನೆಗಳಲ್ಲಿ ಒಲೆ ಉರಿಯುತ್ತಿದೆ, ಎಷ್ಟಕ್ಕೆ ಬೀಗ ಬಿದ್ದಿದೆ? ದೇವರ ಹಣವನ್ನು ಮುಟ್ಟದೆ, ಶ್ರಾವಕರ ಮನೆಗಳ ದುರಸ್ತಿಗೆಂದೇ ಒಂದು ಪ್ರತ್ಯೇಕ ನಿಧಿಯನ್ನು ತೆರೆದು ದಾನಿಗಳಿಗೆ ಅದರ ಮಹತ್ವವನ್ನು ತಿಳಿಸಬೇಕು. ಮಾರಾಟಕ್ಕೆ ಬಂದ ಹಳೆಯ ಮನೆಯನ್ನು ಸಾಧ್ಯವಾದಲ್ಲಿ ಕೊಂಡು, ಅದರಲ್ಲಿ ವಾಸಿಸಲು ಸಿದ್ಧವಿರುವ ಅರ್ಚಕ, ಉಪಾಧ್ಯಾಯ ಅಥವಾ ಎಳೆಯ ಸಂಸಾರಕ್ಕೆ ಸುಲಭ ಬಾಡಿಗೆಗೆ ಕೊಡಬೇಕು. ಊರು ಬಿಟ್ಟ ಕುಟುಂಬಗಳು ಮನೆಯನ್ನು ಬೀಗದಲ್ಲಿಡುವುದಕ್ಕಿಂತ ಹೀಗೆ ಒಪ್ಪಿಸಿದರೆ ಅದು ಆವಾಸದಾನವೇ ಸರಿ. ನಮ್ಮ ಶಾಸ್ತ್ರಗಳು ಹೇಳಿದ ದಾನಗಳಲ್ಲಿ ಅದಕ್ಕೂ ಸ್ಥಾನವಿದೆ. ಮುಂದಿನ ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ಸವಾಲು ಕೂಗುವ ಮೊದಲು ಪ್ರತಿಯೊಂದು ಊರಿನ ಸಭೆಯಲ್ಲಿ ಈ ಎಣಿಕೆಯ ಪಟ್ಟಿಯನ್ನು ಒಮ್ಮೆ ಓದಿಸಿದರೆ ಕಾರ್ಯ ಆರಂಭವಾದಂತೆಯೇ.