‘ಬಂದು’ ಎಂದ ಮೇಲೆ ಅಲ್ಪವಿರಾಮ ಬೇಕೆ?

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಸುತ್ತ ಓಡಾಡಿದರೆ ಒಂದೇ ಕರೆ ಮೂರು ಭಾಷೆಗಳಲ್ಲಿ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ‘ಬಂದು ನೋಡಿ ತಗೊಂಡು ಹೋಗಿ’. ತಮಿಳಿನಲ್ಲಿ ‘ವಂದು ಪಾತ್ತು ವಾಂಗಿಟ್ಟು ಪೋಂಗೊ’. ದಖನಿಯಲ್ಲಿ ‘ಆಕೊ ದೇಖ್‌ಕೊ ಲೇಕೊ ಜಾವೊ’. ನಾಲ್ಕು ಕೆಲಸಗಳು, ವಾಕ್ಯ ಒಂದೇ. ಕೊನೆಯದು ಮಾತ್ರ ಪೂರ್ಣ ಕ್ರಿಯಾಪದ. ಮೊದಲ ಮೂರು ಅದಕ್ಕಾಗಿ ಕಾಯುತ್ತಿರುವ ಕೃದಂತಾವ್ಯಯಗಳು. 1809ರಲ್ಲಿ ಇಂಗ್ಲಿಷರು ಇಲ್ಲಿ ದಂಡು ಕಟ್ಟಿದ ಮೇಲೆ ಈ ಭಾಷೆಗಳೆಲ್ಲ ಅಕ್ಕಪಕ್ಕ ಬದುಕಿದವು. ವಾಕ್ಯ ಕಟ್ಟುವ ಈ ರೀತಿ ಮೂರರಲ್ಲೂ ಇದ್ದುದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವುದು ಅಷ್ಟು ಕಷ್ಟವಾಗಿರಲಾರದು.

ಇಂಥ ವಾಕ್ಯವನ್ನು ಬರೆಯುವಾಗ ‘ಬಂದು’ ಆದ ಮೇಲೆ ಅಲ್ಪವಿರಾಮ ಹಾಕಬೇಕೆ? ಕನ್ನಡದ ವಿದ್ಯಾರ್ಥಿಗೆ ಇದಕ್ಕೆ ಖಚಿತ ಉತ್ತರ ಸಿಗುವುದಿಲ್ಲ. ರಷ್ಯನ್ ಕಲಿಯುವವರಿಗೆ ಸಿಗುತ್ತದೆ. ಆ ಭಾಷೆಯಲ್ಲೂ ನಮ್ಮ ‘ಓದಿ’, ‘ಓದುತ್ತಾ’ಗಳಿಗೆ ಸಮನಾದ ರೂಪಗಳಿವೆ. ಅವುಗಳಿಂದಾದ ಪದಗುಚ್ಛ ವಾಕ್ಯದ ಎಲ್ಲೇ ಬರಲಿ, ಸಾಮಾನ್ಯವಾಗಿ ಅಲ್ಪವಿರಾಮದಿಂದ ಬೇರ್ಪಡಿಸಲೇಬೇಕು. 1956ರಲ್ಲಿ ಅಂಗೀಕಾರವಾದ ಕಾಗುಣಿತ ಮತ್ತು ಲೇಖನ ಚಿಹ್ನೆಗಳ ನಿಯಮಾವಳಿ ಹೀಗೆ ಹೇಳುತ್ತದೆ. ‘ಓದಿದ’ ಎಂಬಂಥ ವಿಶೇಷಣರೂಪ ನಾಮಪದದ ಹಿಂದೆ ಬಂದರೆ ಸಾಮಾನ್ಯವಾಗಿ ಚಿಹ್ನೆ ಬೇಡ, ಮುಂದೆ ಬಂದರೆ ಬೇಕು. ಕನ್ನಡದಲ್ಲಿ ‘ಹುಡುಗ ಓದಿದ ಪುಸ್ತಕ’ ಎನ್ನಬಹುದೇ ಹೊರತು ‘ಓದಿದ’ ಎಂಬುದನ್ನು ಪುಸ್ತಕದ ಆಚೆಗೆ ಒಯ್ಯಲಾಗದು. ಹಾಗಾಗಿ ಆ ಎರಡನೆಯ ನಿಯಮಕ್ಕೆ ನಮ್ಮಲ್ಲಿ ಕೆಲಸವೇ ಇಲ್ಲ.

ನಮ್ಮ ಹಿರಿಯರಿಗೆ ಮೊದಲನೆಯದೂ ಬೇಕಿರಲಿಲ್ಲ. ತಾಳೆಗರಿಯಲ್ಲಿ ಪದಗಳ ನಡುವೆ ತೆರಪೇ ಇರುತ್ತಿರಲಿಲ್ಲ, ಇನ್ನು ಅಲ್ಪವಿರಾಮ ಎಲ್ಲಿಂದ ಬರಬೇಕು? ಪದ್ಯಕ್ಕೆ ದಂಡವೆಂಬ ಗೆರೆಯಿತ್ತು, ಅಷ್ಟೆ. ಆದರೂ ಓದುಗರು ದಾರಿ ತಪ್ಪಲಿಲ್ಲ. ‘-ಇ’, ‘-ದು’, ‘-ಉತ್ತ’, ‘-ದರೆ’ ಎಂಬ ಪ್ರತ್ಯಯಗಳೇ ‘ಮಾತು ಇನ್ನೂ ಮುಗಿದಿಲ್ಲ’ ಎಂದು ಹೇಳುತ್ತವೆ. ಬೇರೆ ಕಡೆ ಚಿಹ್ನೆ ಮಾಡುವ ಕೆಲಸವನ್ನು ನಮ್ಮಲ್ಲಿ ಪದದ ಬಾಲವೇ ಮಾಡುತ್ತಿತ್ತು.

ಚಿಹ್ನೆಗಳು ನೆಲೆಯೂರಿದ್ದು ಅಚ್ಚಿನ ಮೊಳೆಯ ಜೊತೆಗೆ. 19ನೇ ಶತಮಾನದ ನಡುವೆ ಬೆಂಗಳೂರಿನ ವೆಸ್ಲಿಯನ್ ಮಿಶನ್ ಮುದ್ರಣಾಲಯ ಕನ್ನಡದ ದೊಡ್ಡ ಅಚ್ಚುಕೂಟಗಳಲ್ಲಿ ಒಂದಾಗಿತ್ತು. 1849ರಲ್ಲಿ ಜಾನ್ ಗ್ಯಾರೆಟ್ ಅಲ್ಲಿಂದ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಹೊರತಂದರು. ರೀವ್ ಅವರ ನಿಘಂಟನ್ನು ಸ್ಯಾಂಡರ್ಸನ್ ಪರಿಷ್ಕರಿಸಿದ್ದು 1858ರಲ್ಲಿ. ಥಾಮಸ್ ಹಾಡ್ಸನ್ ಅವರ ಕನ್ನಡ ವ್ಯಾಕರಣ ಬಂದದ್ದು 1859ರಲ್ಲಿ. ಇಂಗ್ಲಿಷ್ ಮತ್ತು ಕನ್ನಡ ಒಂದೇ ಪುಟದಲ್ಲಿ ಕೂತಾಗ ಅಲ್ಲಿನ ಚಿಹ್ನೆ ಇಲ್ಲಿಗೂ ದಾಟುವುದು ಸಹಜ. ಮೇಯೋ ಹಾಲ್ ಬಳಿ ಪ್ರತಿಮೆಯಾಗಿ ನಿಂತಿರುವ ಕಿಟೆಲ್ ದುಡಿದದ್ದು ಮಂಗಳೂರು, ಧಾರವಾಡ, ಮಡಿಕೇರಿಗಳ ಕಡೆ. 1903ರ ಅವರ ವ್ಯಾಕರಣ ಹಳಗನ್ನಡದಿಂದ ಹೊಸಗನ್ನಡದವರೆಗಿನ ರೂಪಗಳನ್ನು ವಿವರಿಸುತ್ತದೆ.

ಹೀಗೆ ಬಂದ ಚಿಹ್ನೆಗೆ ನಾವಿಟ್ಟ ಹೆಸರನ್ನು ಗಮನಿಸಿ: ಅಲ್ಪವಿರಾಮ. ವಿರಾಮವೆಂದರೆ ಓದುವವರ ಉಸಿರಿಗೆ ಬಿಡುವು. ಇಂಗ್ಲಿಷಿನ ‘ಕಾಮಾ’ ಗ್ರೀಕಿನಲ್ಲಿ ‘ಕತ್ತರಿಸಿದ ತುಂಡು’ ಎಂಬ ಅರ್ಥದ ಪದ. ರಷ್ಯನ್ನಿನ ‘ಜಪಿತಾಯಾ’ ಹುಟ್ಟಿನಲ್ಲಿ ಒಂದು ಕೃದಂತವೇ, ‘ತಡೆದು ನಿಲ್ಲಿಸಿದ್ದು’ ಎಂಬರ್ಥದ್ದು. ರಷ್ಯನ್ನರು ಅದನ್ನು ವ್ಯಾಕರಣಕ್ಕೆ ಕಟ್ಟಿದರು, ನಾವು ಉಸಿರಿಗೆ ಬಿಟ್ಟೆವು.

ಉಸಿರಿಗೆ ಬಿಟ್ಟದ್ದರಿಂದ ನಷ್ಟವೇನೂ ಇಲ್ಲವೆ? ಈ ವಾಕ್ಯ ನೋಡಿ: ‘ಕಂಡಕ್ಟರ್ ನಗುತ್ತಾ ಓಡಿಬರುತ್ತಿದ್ದ ಹುಡುಗನನ್ನು ಹತ್ತಿಸಿಕೊಂಡ.’ ನಕ್ಕವರು ಯಾರು? ‘ನಗುತ್ತಾ’ ಆದ ಮೇಲೆ ಅಲ್ಪವಿರಾಮ ಹಾಕಿದರೆ ಕಂಡಕ್ಟರ್. ‘ಕಂಡಕ್ಟರ್’ ಆದ ಮೇಲೆ ಹಾಕಿದರೆ ಹುಡುಗ. ಕೃದಂತಾವ್ಯಯದ ಬೆನ್ನಿಗೇ ‘ಓಡಿಬರುತ್ತಿದ್ದ’ ಎಂಬಂಥ ಕೃದಂತ ಬಂದಾಗ ಪ್ರತ್ಯಯದ ಕೈ ಸೋಲುತ್ತದೆ. ‘ಮಾತು ಮುಗಿದಿಲ್ಲ’ ಎಂದು ಅದು ಹೇಳೀತು. ಯಾವ ಕ್ರಿಯೆಗೆ ಸೇರಬೇಕೆಂದು ಹೇಳಲಾರದು. ಮಾತಿನಲ್ಲಾದರೆ ದನಿ ತಿಳಿಸುತ್ತದೆ. ಬರಹದಲ್ಲಿ ದನಿಯಿಲ್ಲ. ಸಾಕ್ಷಿಯ ಹೇಳಿಕೆಯಲ್ಲೋ ಕ್ರಯಪತ್ರದಲ್ಲೋ ಇಂಥ ಗೊಂದಲ ನುಸುಳಿದರೆ ನಗು ಬರುವುದಿಲ್ಲ.

ಹಾಗೆಂದು ರಷ್ಯನ್ ನಿಯಮವನ್ನು ಪೂರ್ತಿ ಎರವಲು ತರಬೇಕಿಲ್ಲ. ‘ಮಳೆ ಬಂದು ಹಲಸೂರು ಕೆರೆ ತುಂಬಿತು’ ಎನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ, ಕರ್ತೃ ಎರಡು. ರಷ್ಯನ್ನಿನಲ್ಲಿ ಹೀಗೆ ಬರೆದರೆ ತಪ್ಪು. ಎರಡೂ ಕ್ರಿಯೆಗಳಿಗೆ ಕರ್ತೃ ಒಂದೇ ಇರಬೇಕೆಂದು ಲೊಮೊನೊಸೊವ್ ತಮ್ಮ 1755ರ ವ್ಯಾಕರಣದಲ್ಲೇ ಎಚ್ಚರಿಸಿದ್ದರು. ನಮ್ಮಲ್ಲಿ ಕಾರಣ ಮತ್ತು ಫಲ ಅಂಟಿಕೊಂಡೇ ಹರಿಯುತ್ತವೆ, ನಡುವೆ ಅಲ್ಪವಿರಾಮ ಹಾಕಿದರೆ ಆ ಹರಿವು ಮುರಿಯುತ್ತದೆ. ‘ತಪ್ಪದೆ ಬನ್ನಿ’ ಎಂಬಲ್ಲಿಯೂ ಬೇಡ; ‘ತಪ್ಪದೆ’ ಕೃದಂತವಾಗಿ ಹುಟ್ಟಿದರೂ ಈಗ ಬರಿಯ ಕ್ರಿಯಾವಿಶೇಷಣ. ‘ಮೌನವಾಗಿ’ ಎನ್ನಲು ರಷ್ಯನ್ನರು ಬಳಸುವ ‘ಮೋಲ್ಚ’ದ ಕಥೆಯೂ ಇದೇ; ಹಾಗೆ ಬಳಸಿದಾಗ ಅವರೂ ಅದಕ್ಕೆ ಅಲ್ಪವಿರಾಮ ಹಾಕುವುದಿಲ್ಲ.

ಆದ್ದರಿಂದ ‘ಬಂದು’ ಎಂದ ಮೇಲೆ ಚಿಹ್ನೆ ಬೇಕೇ ಎಂದು ಕೇಳುವ ಬದಲು, ಈ ‘ಬಂದು’ ಯಾವ ಕ್ರಿಯೆಗೆ ಸೇರಿದ್ದು ಎಂಬುದು ಓದುಗರಿಗೆ ತಿಳಿಯುತ್ತದೆಯೇ ಎಂದು ಕೇಳಿಕೊಳ್ಳುವುದು ಮೇಲು. ತಿಳಿಯುವುದಾದರೆ ಬಿಟ್ಟುಬಿಡಿ. ಎರಡು ಕಡೆ ಎಳೆದಾಡುವಂತಿದ್ದರೆ ಹಾಕಿ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ಎಲ್ಲಿ ಬೇಕೆಂಬುದು ಬಹುಪಾಲು ಗೊತ್ತಾಗುತ್ತದೆ.